ಬರಿಗೈಯ ಬಿರುನಡಿಗೆ

ಎತ್ತಿಲ್ಲದೆ, ಹೊರೆಯಿಲ್ಲದೆ, ಬರಿಗೈಯಲ್ಲಿ ಬಿರಬಿರನೆ ನಡೆಯುವ ಮನುಷ್ಯನನ್ನು ಕಂಡರೆ ನಮ್ಮ ಬಂಡಳ್ಳಿ ಕಡೆ ಜನರ ಎದೆ ಝಲ್ಲೆನ್ನುತ್ತದೆ. ಎಲ್ಲೋ ಸಾವಾಗಿದೆ, ಇವನು ಸುದ್ದಿ ಹೇಳಲು ಹೊರಟಿದ್ದಾನೆ ಎಂದೇ ಲೆಕ್ಕ. ಬುದ್ಧಿ ನೆಟ್ಟಗಿರುವವನು ಸುಮ್ಮಸುಮ್ಮನೆ ಯಾಕೆ ಅಷ್ಟು ಜೋರಾಗಿ ನಡೆಯುತ್ತಾನೆ ಹೇಳಿ?

ನಾನು ನಡೆದೆ. ಕಾರಣ ನನ್ನ ಮೊಮ್ಮಗಳು. ಅವಳು ಹುಟ್ಟಿದ ದಿನದ ಸಂತೋಷ ಬರೆಯಲು ನಾನು ಕಲಿತ ನಾಲ್ಕಕ್ಷರ ಸಾಲದು. ಬೀದಿಗೆಲ್ಲ ಬೆಲ್ಲ ಹಂಚಿ ಬಂದು ಕೈ ಚಾಚಿದರೆ, ಮಗಳು ತಾಯಮ್ಮ ಕೂಸನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

"ಅಪ್ಪಯ್ಯ, ನಿನ್ ಬೀಡಿ ನಾತಕ್ಕೆ ಕೂಸು ಕೆಮ್ತದೆ. ಮೊದ್ಲು ಬುಡು, ಆಮೇಲೆ ಎತ್ಕೊಳೀವಂತೆ."

ಕೊಳ್ಳೇಗಾಲದ ಡಾಕ್ಟರನ್ನು ಕೇಳಿದೆ. "ಆಸೆ ಬಂದಾಗೆಲ್ಲ ಎದ್ದು ಜೋರಾಗಿ ನಡೀರಿ. ಉಸಿರು ಏರಬೇಕು, ಬೆವರು ಇಳೀಬೇಕು" ಎಂದರು. ಹೊಲ ಉಳುವ ಆರಂಬಗಾರನಿಗೆ ಬೆವರಿನ ಔಷಧಿ! ನಗು ಬಂತು. ಆಮೇಲೆ ಹೊಳೆಯಿತು: ಉತ್ತು ಬೆವರಿದವನು ಬದುವಿನ ಮೇಲೆ ಕೂತು ಬೀಡಿ ಹಚ್ಚುತ್ತಾನೆ. ನಡೆಯುತ್ತಲೇ ಇರುವವನಿಗೆ ಕೂರಲು ಬದುವೆಲ್ಲಿದೆ?

ಹನೂರಿನ ದಾರಿ ಹಿಡಿದೆ. ಹುಣಸೇಮರದ ಕೆಳಗಿದ್ದವರು ಗಾಬರಿಯಿಂದ ಎದ್ದು ನಿಂತರು.

"ಯಾರ್ಲಾ ತೀರ್ಕಂಡದ್ದು?"

"ಯಾರೂ ಇಲ್ಲ ಕಣಣ್ಣೋ. ಬೀಡಿ ಬುಡಕ್ಕೆ ನಡೀತಾವ್ನಿ."

"ಬೀಡೀನ ಬಾಯಲ್ ಸೇದ್ತಿದ್ದೋ, ಕಾಲಲ್ ಸೇದ್ತಿದ್ದೋ?"

ಗುರುತಿಲ್ಲದ ಊರುಗಳಲ್ಲಿ ಮಾತ್ರ ನಾನು ಬಾಯಿ ಬಿಡಲಿಲ್ಲ. ಸಾವಿನ ಸುದ್ದಿ ಹೊತ್ತವನನ್ನು ಯಾರೂ ಕೂರಿಸುವುದಿಲ್ಲ, ಎಲೆಅಡಿಕೆ, ಬೀಡಿ ಚಾಚುವುದಿಲ್ಲ. ಮುಖ ಸಪ್ಪಗೆ ಮಾಡಿಕೊಂಡು ದಾಟಿಬಿಡುತ್ತಿದ್ದೆ. ಸಾವು ಹೀಗೂ ಉಪಕಾರ ಮಾಡುತ್ತದೆ ಎಂದು ಒಳಗೊಳಗೇ ನಗು.

ಒಂದೇ ಬೀಡಿಯನ್ನು ನನ್ನೊಡನೆ ಹಂಚಿಕೊಂಡು ಸೇದುತ್ತ ಮುದುಕನಾದ ಗೆಳೆಯ ಪುಟ್ಟಮಾದನನ್ನೂ ಕರೆದೆ. ಊರಾಚೆಯ ಬಾವಿಯವರೆಗೆ ಬಂದು ಎದೆ ಹಿಡಿದು ಕೂತ.

"ನೀ ನಡೀಲಾ. ನಿನ್ ಪಾಲೂ ನಾನೇ ಸೇದ್ತೀನಿ" ಎಂದ. ಹಾಗೇ ಮಾಡಿದ.

ಆಮೇಲೊಂದು ಬೆಳಿಗ್ಗೆ, ದಿನಾ ಪಕ್ಕದ ಮನೆಯಿಂದ ಕೇಳುತ್ತಿದ್ದ ಅವನ ಕೆಮ್ಮು ಕೇಳಿಸಲಿಲ್ಲ. ಹನೂರಿನಲ್ಲಿರುವ ಅವನ ಮಗಳಿಗೆ ತಿಳಿಸಬೇಕಿತ್ತು. "ಬಿರಬಿರನೆ ನಡೆಯೋನು ನೀನೇ ಅಲ್ವಾ" ಎಂದರು ಊರವರು. ಹೊರಟೆ. ಈಗ ಹುಣಸೇಮರದ ಕೆಳಗೆ ಯಾರೂ ಏಳಲಿಲ್ಲ.

"ಏನಣ್ಣೋ, ಇನ್ನೂ ಬುಟ್ಟು ಮುಗೀನಿಲ್ವಾ?"

"ಪುಟ್ಟಮಾದ ಓಗ್ಬುಟ್ಟ ಕಣ್ರಪ್ಪಾ."

ಅವರ ನಗು ಬಾಯಲ್ಲೇ ನಿಂತಿತು. ಪುಟ್ಟಮಾದನ ಮಗಳಿಗೂ ನನ್ನ ನಡಿಗೆಯ ಕಥೆ ಗೊತ್ತಿತ್ತು. ದೂರದಿಂದಲೇ ನಗುತ್ತ ಬಂದಳು. "ದೊಡ್ಡಪ್ಪ, ಇಲ್ಲೀಗಂಟ ನಡ್ಕಂಡ್ ಬಂದ್ಬುಟ್ಟಾ!" ಅಷ್ಟು ದೂರ ನಡೆದರೂ ನನಗೆ ಉಸಿರೇನೋ ಇತ್ತು; ಅವಳ ಕೈ ಹಿಡಿದು ಜಗುಲಿಯ ಮೇಲೆ ಕೂರಿಸಿದೆ.

ಅವಳನ್ನು ಊರಿಗೆ ಕರೆತಂದು ಮಣ್ಣು ಮಾಡಿದ ಮೇಲೆ ಯಾರೋ ಬೀಡಿ ಹಚ್ಚಿ ನನ್ನತ್ತ ಚಾಚಿದರು. "ತಕಳಣ್ಣ, ಅವನ ಎಸರಲ್ಲಿ ಒಂದು ದಮ್ಮು." ಕೈ ಮುಂದೆ ಹೋಯಿತು. ಕಾಲು ಅದಕ್ಕಿಂತ ಮೊದಲೇ ಹೊರಟಿತ್ತು. ಮನೆಯವರೆಗೂ ನಿಲ್ಲಲಿಲ್ಲ.

ಹಿತ್ತಲಲ್ಲಿ ತಲೆಗೆ ನೀರು ಸುರಿದುಕೊಂಡು ಒಳಗೆ ಬಂದೆ. ತಾಯಮ್ಮ ಹತ್ತಿರ ಬಂದು ನನ್ನ ಉಸಿರು ಮೂಸಿದಳು. ಕೂಸನ್ನು ನನ್ನ ತೊಡೆಗೆ ಹಾಕಿದಳು. ಅದು ಕೆಮ್ಮಲಿಲ್ಲ. ನನ್ನ ಎದೆಗೆ ಜಾಡಿಸಿ ಒದ್ದಿತು, ಮತ್ತೆ ಒದ್ದಿತು. ಅಳುತ್ತಲೇ ನಕ್ಕುಬಿಟ್ಟೆ. ಇವಳೂ ಬಿರಬಿರನೆ ನಡೆಯುವವಳೇ. ನಡೆಯಲಿ. ಯಾರ ಸುದ್ದಿಯನ್ನೂ ಹೊರದೆ, ಸುಮ್ಮನೆ ನಡೆಯಲಿ.