ಮಗ್ಗದಕ್ಕನ ಗೇರ್ ರಾಡ್

ಮಗ್ಗದಕ್ಕ ಯಾರು ಎಂದು ಆ ಬೀದಿಯಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಅರವತ್ತೆರಡರ ಹೆಂಗಸೊಬ್ಬಳು ಗುಡ್ಡದ ರಸ್ತೆ ಹತ್ತುತ್ತಿದ್ದರೆ ಅದು ಅವಳೇ. ಬಟ್ಟೆ ಗಿರಣಿಯಲ್ಲಿ ಮೂವತ್ತೊಂದು ವರ್ಷ ಮಗ್ಗ ನೋಡಿಕೊಂಡವಳು. ಇನ್ನೂರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಆ ಶೆಡ್ಡು ಅವಳ ಎರಡೂ ಕಿವಿಗಳನ್ನು ನುಂಗಿ ನೀರು ಕುಡಿದಿತ್ತು. ಎದುರಿಗಿದ್ದವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದಳು. ರಸ್ತೆಯ ಆಚೆ ಬದಿಯ ಪಿಸುಮಾತನ್ನೂ ಬಿಡುತ್ತಿರಲಿಲ್ಲ. ಆದ್ದರಿಂದ ಅವಳ ಕಣ್ಣಿಗೆ ಬೀಳುವಷ್ಟು ದೂರದಲ್ಲಿ ನಿಂತು ಅವಳನ್ನು ಆಡಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ.

ಕಾರು ಸಿಕ್ಕಿದ್ದೂ ಗಿರಣಿಯಿಂದಲೇ. ಗಿರಣಿ ಮುಚ್ಚಿದಾಗ ಮಾಲೀಕರ ಮಗ ಗೋದಾಮಿನಲ್ಲಿ ಬಿಟ್ಟುಹೋಗಿದ್ದ ಆ ಕಾರಿನ ಕಡೆ ಹರಾಜಿನ ದಿನ ಗುಜರಿಯವನೂ ತಿರುಗಿ ನೋಡಲಿಲ್ಲ. ಮಗ್ಗದಕ್ಕ ಕೈಯೆತ್ತಿದಳು. “ತಲೆಗಿಲೆ ಕೆಟ್ಟಿದೆಯೇನೇ ನಿಂಗೆ?” ಎಂದು ಅವಳ ತಂಗಿ ಬಾಯಿ ಬಡಿದುಕೊಂಡಳು. “ನಿಂತಲ್ಲೇ ನಿಂತಿರೋ ಮಷೀನು ಓಡಿಸಿದ್ದು ಸಾಕು ಕಣೇ. ಇನ್ನು ಮುಂದಕ್ಕೆ ಹೋಗೋದನ್ನ ಓಡಿಸ್ತೀನಿ,” ಎಂದಳು ಇವಳು.

ಆ ಕಾರಿಗೆ ಜೀವ ಕೊಟ್ಟವನು ಬೀದಿಯ ತುದಿಯ ಮೆಕ್ಯಾನಿಕ್. ಕೈ ಬಂಗಾರ, ಬಾಯಿಗೆ ಮಾತ್ರ ಬ್ರೇಕಿಲ್ಲ. ಬಾನೆಟ್ ಎತ್ತದೆ, ಬರೀ ಸದ್ದು ಕೇಳಿ ಗಾಡಿಯ ರೋಗ ಹೇಳಬಲ್ಲೆ ಎಂದು ಬೀಗುತ್ತಿದ್ದ. ಹತ್ತರಲ್ಲಿ ಏಳು ಸಲ ಅದು ನಿಜವೂ ಆಗುತ್ತಿತ್ತು. ಉಳಿದ ಮೂರನ್ನು ಅವನ ಹೆಂಡತಿ ಜೋಪಾನವಾಗಿ ನೆನಪಿಟ್ಟುಕೊಂಡಿದ್ದಳು. ಗ್ಯಾರೇಜಿನ ಹಿಂಭಾಗದಲ್ಲಿ ಕಬ್ಬಿಣ ಕಡೆಯುವ ಲೇತ್ ನಡೆಸುತ್ತಿದ್ದವಳು ಅವಳು. ಗಂಡನ ಭಾಷಣ ಅತಿಯಾದಾಗ ಲೇತ್ ಚಾಲೂ ಮಾಡುತ್ತಿದ್ದಳು.

ಈಗ ಮಗ್ಗದಕ್ಕನಿಗೆ ಭುಜ ಕೈಕೊಟ್ಟಿತ್ತು. ಆ ಕಾರಿನ ಗೇರ್ ರಾಡ್ ಮೊಳದುದ್ದದ್ದು. ಅದರ ತಲೆಯ ಗುಂಡು ಎಂದೋ ಬಿದ್ದುಹೋಗಿ ಬರೀ ಕಬ್ಬಿಣ ಉಳಿದಿತ್ತು. ಮೂರನೇ ಗೇರಿಗೆ ತೋಳು ಪೂರ್ತಿ ಚಾಚಿ ತಳ್ಳಬೇಕು. ತಳ್ಳಿದಾಗಲೆಲ್ಲ ಪ್ರಾಣ ಹೋಗಿ ಬಂದಂತಾಗುತ್ತಿತ್ತು.

“ಈ ತಿಂಗಳು ನೋಡ್ತೀನಿ ತಮ್ಮಾ. ಆಗ್ಲಿಲ್ಲ ಅಂದ್ರೆ ಕಾರು ಮಾರ್ಬಿಡ್ತೀನಿ,” ಎಂದಳು. ಹೇಳುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು. ಮೆಕ್ಯಾನಿಕ್ ಸುತ್ತಿಕೊಂಡು ಬಂದು ಅವಳ ಎದುರಿಗೆ ನಿಂತ.

“ಮಾರೋದಾ? ನಾನು ಸತ್ತಿದೀನಾ ಅಕ್ಕಾ? ಈ ರಾಡ್ ಕಿತ್ತಾಕಿ ಶಾರ್ಟ್ ಶಿಫ್ಟರ್ ಅಂತ ಗಿಡ್ಡ ರಾಡ್ ಹಾಕೋಣ. ಅರ್ಧ ದೂರ ತಳ್ಳಿದ್ರೆ ಗೇರ್ ಬೀಳುತ್ತೆ. ಮಣಿಕಟ್ಟು ಆಡಿದ್ರೆ ಸಾಕು, ಭುಜಕ್ಕೆ ಪೆನ್ಶನ್ ಕೊಟ್ಬಿಡಿ!”

ಅವಳು ಕೂಡಲೇ ಹೂಂ ಎನ್ನಲಿಲ್ಲ. “ಇದು ಕೈಗೆ ಒಗ್ಗಿದೆ” ಎಂದು ಆ ಕಬ್ಬಿಣವನ್ನೇ ಸವರುತ್ತಿದ್ದಳು. ನಾಲ್ಕು ದಿನ ಬಿಟ್ಟು ಬಂದು, “ಹಾಕು. ಮಾರೋದಕ್ಕಿಂತ ವಾಸಿ,” ಎಂದಳು.

ಮೆಕ್ಯಾನಿಕ್ ಎರಡು ದಿನ ಅದರಲ್ಲೇ ಮುಳುಗಿದ. ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದ. ಬುಡಕ್ಕೆ ಬಳೆಯಂಥ ದಪ್ಪ ರಬ್ಬರ್ ಬುಷ್ ಕೂರಿಸಿದ, ತುದಿಗೆ ಚರ್ಮ ಹೊಲಿದ ಭಾರದ ಗುಂಡು ತಿರುಗಿಸಿ ಬಿಗಿದ. “ಎಂಜಿನ್ ನಡುಕ ಒಂದು ಚೂರೂ ಕೈಗೆ ಬರಲ್ಲ. ಬೆಣ್ಣೆ ಅಕ್ಕಾ, ಬೆಣ್ಣೆ!” ಎಂದು ಬಾಗಿಲು ತೆಗೆದು ನಿಂತ.

ಮಗ್ಗದಕ್ಕ ಕೂತಳು. ಅಂಗಳದಲ್ಲೇ ಕಾರು ಮೂರು ಸಲ ಆಫ್ ಆಯಿತು. ನಾಲ್ಕನೇ ಸಲ ಹೊರಟಿತು. ಬೀದಿಯ ಕೊನೆಯವರೆಗೂ ಎರಡನೇ ಗೇರಿನಲ್ಲೇ ಕಿರುಚಿಕೊಂಡು ಹೋಯಿತು. ಅದು ಕಿರುಚುತ್ತಿದೆ ಎಂದು ಬೀದಿಗೆಲ್ಲ ಗೊತ್ತು, ಓಡಿಸುತ್ತಿದ್ದವಳಿಗೆ ಮಾತ್ರ ಗೊತ್ತಿಲ್ಲ. ವಾಪಸ್ಸು ಬಂದಾಗ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

“ತಮ್ಮಾ, ಇದು ಸತ್ತಿದೆ,” ಎಂದಳು.

ಮೆಕ್ಯಾನಿಕ್‌ಗೆ ಉರಿದುಹೋಯಿತು. “ಅಭ್ಯಾಸ ಆಗುತ್ತೆ ಅಕ್ಕಾ. ಮೀಟರ್ ಮುಳ್ಳು ಸರಿ ಮಾಡಿಕೊಡ್ತೀನಿ, ಅದು ನೋಡ್ಕೊಂಡು ಗೇರ್ ಹಾಕಿ.”

“ಮುಳ್ಳು ನೋಡ್ತಾ ಕೂತ್ರೆ ರಸ್ತೆ ಯಾರು ನೋಡೋದು, ನಿಮ್ಮಪ್ಪನಾ?” ಎಂದಳು ಮಗ್ಗದಕ್ಕ. ಆಮೇಲೆ ಮೆತ್ತಗಾದಳು. “ಹಳೇದನ್ನೇ ಹಾಕು. ಹಾಕಿ, ಕಿವಿಗೆ ಹತ್ತಿ ಇಟ್ಕೊಂಡು, ಅದರ ಮೇಲೆ ನಿನ್ ಹೆಂಡ್ತಿ ಲೇತ್ ಹತ್ರ ಹಾಕ್ಕೊಳ್ಳೋ ಆ ಕಿವಿಮುಚ್ಚಿ ಹಾಕ್ಕೊಂಡು, ನನ್ ಪಕ್ಕ ಕೂತ್ಕೋ.”

ಹಳೇ ರಾಡನ್ನೇ ಮತ್ತೆ ಕೂರಿಸಿ, ಮರುದಿನ ಬೆಳಗ್ಗೆ ಇಬ್ಬರೂ ಗುಡ್ಡದ ರಸ್ತೆ ಹಿಡಿದರು. ಲೋಕದ ಸದ್ದೆಲ್ಲ ಒಮ್ಮೆಗೇ ಅಳಿಸಿಹೋದಾಗ ಮೆಕ್ಯಾನಿಕ್‌ನ ಕಣ್ಣು ಬಾನೆಟ್ಟಿಗೇ ನೆಟ್ಟಿತು. ಎಂಜಿನ್ ಓಡುತ್ತಿದೆಯೋ ನಿಂತಿದೆಯೋ ತಿಳಿಯದು. ಮಗ್ಗದಕ್ಕ ನಿಶ್ಚಿಂತೆಯಿಂದ ಓಡಿಸುತ್ತಿದ್ದಳು. ಕಣ್ಣು ರಸ್ತೆಯಿಂದ ಕನ್ನಡಿಗೆ, ಕನ್ನಡಿಯಿಂದ ರಸ್ತೆಗೆ. ಮೂರು ಬೆರಳು ಮಾತ್ರ ರಾಡಿನ ಮೇಲೆ. ಗೇರ್ ರಾಡ್ ಕೈ ಒರಗಿಸುವ ಕಂಬವಲ್ಲ ಎಂದು ಅವನು ಎಷ್ಟು ಗಿರಾಕಿಗಳಿಗೆ ಗದರಿದ್ದನೋ. ಆದರೆ ಇದು ಒರಗಿಸಿದ ಕೈಯಲ್ಲ. ಮಲಗಿದ ಮಗುವಿನ ಜ್ವರ ನೋಡುವಾಗ ಇಡುವಷ್ಟೇ ಹಗುರವಾಗಿ ಆ ಬೆರಳುಗಳು ಕೂತಿದ್ದವು.

ಅವಳು ಅವನ ಕೈಯನ್ನೂ ಎಳೆದು ಅಲ್ಲಿಟ್ಟಳು. ಮೊದಲು ಬರೀ ನಡುಕ. ಏರು ಬಂತು, ನಡುಕ ದಪ್ಪವಾಗಿ ನಿಧಾನವಾಯಿತು. ಅವಳು ಗೇರ್ ಇಳಿಸಿದಳು, ಅದು ಸಣ್ಣಗೆ ಚುರುಕಾಯಿತು. ಮೂರನೇ ತಿರುವಿನಲ್ಲಿ ಅವಳು ಗೇರ್ ಹಾಕುವ ಮೊದಲೇ ಅವನ ಅಂಗೈಗೆ ಗೊತ್ತಾಯಿತು, ಈಗ ಬದಲಾಯಿಸಬೇಕು ಎಂದು. ಮೆಕ್ಯಾನಿಕ್‌ನ ಮೈಯೆಲ್ಲ ಜುಂ ಎಂದಿತು. ಇಪ್ಪತ್ತಾರು ವರ್ಷ ಗೇರ್‌ಬಾಕ್ಸುಗಳ ಜೊತೆ ಬದುಕಿದ್ದಾನೆ, ಒಂದು ದಿನವೂ ಹೀಗೆ ಮುಟ್ಟಿರಲಿಲ್ಲ.

ಗುಡ್ಡದ ಮೇಲೆ ಕಾರು ನಿಲ್ಲಿಸಿ ಅವಳು ಅವನ ಕಿವಿಮುಚ್ಚಿ, ಹತ್ತಿ ತೆಗೆದಳು.

“ಗಿರಣಿಯಲ್ಲಿ ಕಿವಿ ಇದ್ದೋರಿಗೂ ಏನೂ ಕೇಳ್ತಿರ್ಲಿಲ್ಲ. ಮಗ್ಗದ ಮೇಲೆ ಅಂಗೈ ಇಡ್ತಿದ್ವಿ. ಎಲ್ಲಿ ಎಣ್ಣೆ ಆರಿದೆ, ಯಾವ ನಟ್ಟು ಸಡಿಲ ಆಗಿದೆ, ಅದೇ ಹೇಳೋದು. ಇದೂ ಹೇಳುತ್ತೆ. ಈಗ ಹದಿನೈದು ದಿನದಿಂದ ನಾಲ್ಕನೇ ಗೇರಲ್ಲಿ ಸುತ್ತಿಗೊಂದ್ಸಲ ಚುಚ್ತಾ ಇದೆ. ಹಿಂದುಗಡೆ. ಬೇರಿಂಗಿನ ಯಾವುದೋ ಗುಂಡು ಸರಿಯಿಲ್ಲ.”

ಮೆಕ್ಯಾನಿಕ್ ನಕ್ಕುಬಿಟ್ಟ. ಹೋದ ವಾರವಷ್ಟೇ ಅವನು ಆ ಗೇರ್‌ಬಾಕ್ಸಿಗೆ ಕಿವಿಗೊಟ್ಟು, ಒಂದು ದೋಷವೂ ಇಲ್ಲ, ಮಗುವಿನ ಹಾಗಿದೆ ಎಂದಿದ್ದ.

ಆದರೂ ಮನಸ್ಸು ತಡೆಯಲಿಲ್ಲ. ಗ್ಯಾರೇಜಿಗೆ ಬಂದವನೇ ಬಾಕ್ಸ್ ಇಳಿಸಿದ. ಹಿಂದಿನ ಬೇರಿಂಗ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗುಂಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದ. ಆರನೆಯದರ ಮೈಮೇಲೆ ಸೂಜಿ ಮೊನೆಯಷ್ಟು ಗುಳಿ. ಇನ್ನೆರಡು ತಿಂಗಳಲ್ಲಿ ಬೇರಿಂಗ್ ಒಡೆದು ಬಾಕ್ಸನ್ನೇ ಹಾಳುಮಾಡುತ್ತಿತ್ತು. ಹೆಂಡತಿ ಬಂದು ಇಣುಕಿದಳು. ತಮಾಷೆ ಮಾಡಲು ಬಾಯಿ ತೆರೆದವಳು ಗಂಡನ ಮುಖ ನೋಡಿ ಪಕ್ಕದಲ್ಲೇ ಕುಕ್ಕರಿಸಿದಳು. ಅವನ ಕಣ್ಣು ಒದ್ದೆಯಾಗಿತ್ತು. “ಮೂರು ಬೆರಳು ಕಣೇ,” ಎಂದ. “ಬರೀ ಮೂರು ಬೆರಳು.” ಅಷ್ಟು ದೊಡ್ಡ ವಿದ್ಯೆ ಪಕ್ಕದಲ್ಲೇ ಓಡಾಡಿಕೊಂಡಿತ್ತು, ತಾನು ಅದಕ್ಕೆ ರಬ್ಬರ್ ಮುಚ್ಚಲು ಹೊರಟಿದ್ದೆ ಎಂದು ಅವನಿಗೆ ನಾಚಿಕೆಯೂ ಆಯಿತು, ದೇವರನ್ನು ಹತ್ತಿರದಿಂದ ಕಂಡಷ್ಟು ಬೆರಗೂ ಆಯಿತು.

ಆದರೆ ಹಳೇ ರಾಡ್ ಹಾಗೇ ಬಿಟ್ಟರೆ ಭುಜ ಒಪ್ಪುವುದಿಲ್ಲ, ಹೊಸದನ್ನು ಹಾಕಿದರೆ ಅಂಗೈ ಒಪ್ಪುವುದಿಲ್ಲ. ಗಂಡ ಹೆಂಡತಿ ಕೂತು ಲೆಕ್ಕ ಹಾಕಿದರು. ಶಾರ್ಟ್ ಶಿಫ್ಟರ್ ಇರಲಿ. ಅದರ ರಬ್ಬರ್ ಹೋಗಲಿ, ಚರ್ಮದ ಗುಂಡೂ ಹೋಗಲಿ. ರಬ್ಬರಿನ ಜಾಗಕ್ಕೆ ಹೆಂಡತಿ ಹಿತ್ತಾಳೆಯ ಬುಷ್ ಕಡೆದಳು. ಮೊದಲನೆಯದು ಕೂದಲೆಳೆಯಷ್ಟು ಸಡಿಲವಾಯಿತೆಂದು ಬಿಸಾಡಿ ಇನ್ನೊಂದು ಕಡೆದಳು. ಗಿಡ್ಡ ರಾಡಿನ ಬೋಳು ಉಕ್ಕು ನೇರ ಕೈಗೇ ಸಿಗುವಂತೆ ಮೆಕ್ಯಾನಿಕ್ ಅದರ ತುದಿ ಉಜ್ಜಿ ನಯ ಮಾಡಿದ. ಬೇರೆ ಯಾವ ಗಿರಾಕಿಯಾದರೂ ಇಂಥ ನಡುಕದ ರಾಡನ್ನು ಮುಖದ ಮೇಲೆ ಎಸೆದು ಹೋಗುತ್ತಿದ್ದ.

ಶನಿವಾರ ಮಗ್ಗದಕ್ಕ ಬಂದಳು. ಮೆಕ್ಯಾನಿಕ್ ಪಕ್ಕದಲ್ಲಿ ಕೂತ. ಈ ಸಲ ಕಿವಿ ಮುಚ್ಚಿಕೊಂಡಿರಲಿಲ್ಲ. ಅವಳು ಒಂದನೇ ಗೇರ್ ಹಾಕಿದಳು, ಎರಡು, ಮೂರು. ಭುಜ ಅಲುಗಲಿಲ್ಲ. ಮುಖದಲ್ಲಿ ನೋವಿನ ಗೆರೆ ಮೂಡಲಿಲ್ಲ. ಗುಡ್ಡದ ಬುಡದಲ್ಲಿ ಅವನಿಗೆ ತಡೆಯಲಾಗಲಿಲ್ಲ. ಅವಳ ಕಣ್ಣಿಗೆ ಬೀಳುವಂತೆ ಮುಂದಕ್ಕೆ ಬಾಗಿ, “ಹೇಗಿದೆ ಅಕ್ಕಾ? ಬುಷ್ ಸರಿ ಕೂತಿದೆಯಾ? ಗಟ್ಟಿ ಆಯ್ತಾ? ಬೇಕಾದ್ರೆ ಇನ್ನೊಂದು ಸ್ವಲ್ಪ...” ಎಂದು ಶುರು ಮಾಡಿದ.

ಮಗ್ಗದಕ್ಕ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

“ಸ್ವಲ್ಪ ಸುಮ್ನಿರೋ ತಮ್ಮಾ,” ಎಂದಳು. “ಕೇಳಿಸ್ಕೊಳ್ತಾ ಇದೀನಿ.”

ಮೆಕ್ಯಾನಿಕ್ ಗುಡ್ಡ ಹತ್ತಿ ಮುಗಿಯುವವರೆಗೂ ಬಾಯಿ ಬಿಡಲಿಲ್ಲ.