ಶಿಳ್ಳೆ ಹೊಡೆಯುವ ರೇಡಿಯೋ ಮತ್ತು ಅತ್ತೆಯ ಸುಣ್ಣ

ಗೆಳೆಯರೇ, ನಾನೇ ಜೋಡಿಸಿದ ರೇಡಿಯೋ ಇವತ್ತು ಬೆಳಿಗ್ಗೆಯೂ ಬರೀ ಶಿಳ್ಳೆ ಹೊಡೆಯಿತು. "ಸಂಜೆ ವಾರ್ತೆ ಕೇಳಿಸದಿದ್ರೆ ಇದನ್ನ ಗುಜರಿಗೆ ಹಾಕ್ತೆ" ಎಂದರು ಅಪ್ಪ.

ಒಳಗಿನ ಒಂದು ಕಾಯಿಲಿನ, ಅಂದರೆ ತಂತಿ ಸುರುಳಿಯ, ಅಲ್ಯುಮಿನಿಯಂ ಮುಚ್ಚಳವನ್ನು ಹೋದ ವಾರ ಬಿಚ್ಚಿಟ್ಟಿದ್ದೆ, ಸಿಗುತ್ತಿರಲಿಲ್ಲ. ಅದಿಲ್ಲದಿದ್ದರೆ ಒಂದು ಕಾಯಿಲಿನ ಮಾತಿಗೆ ಇನ್ನೊಂದು ಬಾಯಿ ಹಾಕುತ್ತದೆ, ಥೇಟ್ ನಮ್ಮ ಮನೆಯವರ ಹಾಗೆ. ಆ ಗಲಾಟೆಯೇ ಈ ಶಿಳ್ಳೆ.

ಮಧ್ಯಾಹ್ನ ಊಟವಾದ ಮೇಲೆ ಅಪ್ಪನ ತಂಗಿ, ನಮ್ಮ ಅತ್ತೆ, ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನೋಡಿದರೆ ಸುಣ್ಣ ಇದ್ದದ್ದೇ ಆ ಮುಚ್ಚಳದಲ್ಲಿ!

"ಅತ್ತೇ, ಅದು ರೇಡಿಯೋದ್ದು!"

"ಮೇಜಿನ ಮೇಲೆ ಬಿದ್ಕಂಡಿತ್ತು, ಸುಣ್ಣಕ್ಕೆ ಚಲೋ ಆತು ಅಂತ ತಗಂಡೆ. ಈಗೆಂತ?"

ತೊಳೆದು ಕೂರಿಸಿದೆ. ಶಿಳ್ಳೆ ನಿಂತಿತು, ಕುಮಟೆಯ ನಮ್ಮ ಜಗಲಿಯಲ್ಲಿ ಧಾರವಾಡ ಆಕಾಶವಾಣಿ ಸ್ಪಷ್ಟವಾಗಿ ಮಾತಾಡಿತು. ಸಂಜೆ ವಾರ್ತೆಯುದ್ದಕ್ಕೂ ಅಪ್ಪ, ಅತ್ತೆ ಇಬ್ಬರೂ ನಡುವೆ ಬಾಯಿ ಹಾಕುತ್ತಲೇ ಇದ್ದರು. ಅವರಿಗೆ ಹಾಕುವ ಮುಚ್ಚಳ ಯಾವ ಅಂಗಡಿಯಲ್ಲೂ ಇಲ್ಲ. ನಾನು ಹುಡುಕುವುದೂ ಇಲ್ಲ.