ನೀಲಕ್ಕ ಊರಲ್ಲಿಲ್ಲದ ರವಿವಾರ

“ಎಲ್ಲಾರೂ ಒಪ್ಪ್ಯಾರ್ರಿ” — ನಮ್ಮ ಬಡಾವಣೆಯ ಸಭೆಯಲ್ಲಿ ಎದ್ದು ನಿಂತು, ಸೆರಗು ಸರಿಮಾಡಿಕೊಂಡು ಈ ಮಾತು ಹೇಳಿದವಳು ನಾನು. ಒಬ್ಬರೂ ಒಪ್ಪಿರಲಿಲ್ಲ. ಅದು ನನಗೆ ಗೊತ್ತಿತ್ತು, ನನಗೊಬ್ಬಳಿಗೇ ಗೊತ್ತಿತ್ತು. ಆ ಒಂದು ಮಾತಿಗೆ ನಮ್ಮ ಬಯಲು ಹೋಯಿತು. ಅದರ ಹಿಂದೆಯೇ ನೀಲಕ್ಕನ ಮರ್ಯಾದೆಯೂ ಹೋಯಿತು — ಅದನ್ನು ಕಳೆದವಳೂ ನಾನೇ.

ಇಷ್ಟು ವರ್ಷ ತುಟಿ ಬಿಚ್ಚದವಳು ಇವತ್ತು ಬರೆಯಲು ಕೂತಿದ್ದೇನೆ. ನಾಳಿದ್ದು ಇನ್ನೊಂದು ಸಭೆ ಇದೆ. ಎದೆ ಹೇಗೆ ಹೊಡೆದುಕೊಳ್ಳುತ್ತಿದೆ ಎಂದರೆ — ದೊಡ್ಡ ಸೈಟಿನ ವ್ಯವಹಾರ ಕುದುರುವ ಹೊತ್ತಿನಲ್ಲೂ ಹೀಗೆ ಹೊಡೆದುಕೊಂಡಿರಲಿಲ್ಲ.

ನಾನು ಗೌರಮ್ಮ. ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ರಸ್ತೆಯ ಬದಿಯ ಬಡಾವಣೆಯಲ್ಲಿ ನನ್ನ ಮನೆ. ಹಂಪಿಯಲ್ಲಿ ಬುಟ್ಟಿ ಹೊತ್ತು ಬಾಳೆಹಣ್ಣು ಮಾರುತ್ತ ಮಾತು ಕಲಿತವಳು. ನಮ್ಮ ಭಾಷೆ ಬಾರದ ಪರದೇಶದವರ ಹತ್ತಿರ ಬರೀ ಕಣ್ಣಿನಲ್ಲೇ ಚೌಕಾಸಿ ಮುಗಿಸುತ್ತಿದ್ದೆ. ಬುಟ್ಟಿಯಿಂದ ತಳ್ಳುಗಾಡಿ, ತಳ್ಳುಗಾಡಿಯಿಂದ ಸೈಟಿನ ದಲ್ಲಾಳಿ — ಯಾರ ಕೈ ಹಿಡಿದೂ ಮೇಲೆ ಬಂದವಳಲ್ಲ. ನನ್ನ ಕಸುಬಿನ ಒಂದು ಗುಟ್ಟು ಹೇಳುತ್ತೇನೆ, ಸೈಟು ಕೊಳ್ಳುವವರು ನೆನಪಿಟ್ಟುಕೊಳ್ಳಿ. ಕೊಡುವವನನ್ನೂ ಕೊಳ್ಳುವವನನ್ನೂ ನಾವು ಎದುರುಬದುರು ಕೂರಿಸುವುದಿಲ್ಲ. ಇವನ ಮಾತನ್ನು ಅವನಿಗೆ, ಅವನ ಮಾತನ್ನು ಇವನಿಗೆ ನಾವೇ ಹೊತ್ತುಕೊಂಡು ಹೋಗುತ್ತೇವೆ. ಹೊರುವಾಗ ಮಾತು ಸ್ವಲ್ಪ ಸೊಟ್ಟಗಾಗುತ್ತದೆ. ಆ ಸೊಟ್ಟಿನಲ್ಲೇ ನಮ್ಮ ಅನ್ನ. ಆದ್ದರಿಂದ ದಲ್ಲಾಳಿಯನ್ನು ನಂಬಿ, ಆದರೆ ಮಾಲೀಕನ ಮುಖವನ್ನು ಒಮ್ಮೆಯಾದರೂ ನೋಡಿ. ಇದನ್ನು ಯಾವ ದಲ್ಲಾಳಿಯೂ ನಿಮಗೆ ಹೇಳುವುದಿಲ್ಲ.

ನಮ್ಮ ಬಡಾವಣೆಯ ನಡುವೆ ಒಂದು ಬಯಲಿತ್ತು. ನಿವಾಸಿಗಳ ಸಂಘದ ಜಾಗ. ರಸ್ತೆಯ ಕಡೆಯಿಂದ ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳು, ಕಾಲುವೆಯ ಕಡೆಯಿಂದ ಬಾಳೆತೋಟ ಹಾದು ಬರುವ ತಣ್ಣನೆಯ ಗಾಳಿ — ಎರಡೂ ಆ ಬಯಲಿನಲ್ಲೇ ಕುಸ್ತಿ ಹಿಡಿಯುತ್ತಿದ್ದವು. ಹೆಚ್ಚಿನ ದಿನ ಗಾಳಿಯೇ ಗೆಲ್ಲುತ್ತಿತ್ತು. ಬೇಸಿಗೆ ಬಂದರೆ ಸಾಕು, ಹೆಂಗಸರು ಅಲ್ಲಿ ಹೊರಸಿನ ಮಂಚ ಹಾಕಿ ಶಾವಿಗೆ ಹೊಸೆಯಲು ಕೂರುತ್ತಿದ್ದರು. ಆ ಕೆಲಸಕ್ಕೆ ನೀಲಕ್ಕನೇ ಮುಂದಾಳು. ಆಕೆಯ ಗಂಡ ಯಶವಂತನಗರದ ಗಣಿಯ ಕೆಲಸಗಾರ. ಹಿಟ್ಟು ಎಷ್ಟು ನಾದಬೇಕು, ಎಳೆ ಎಷ್ಟು ಸಣ್ಣಗಿರಬೇಕು ಎಂಬುದಕ್ಕೆ ಆಕೆಯ ಕಣ್ಣೇ ಕಾಯಿದೆ. “ಏನಲೇ ಗೌರಾ, ಇದು ಶ್ಯಾವಿಗಿಯೋ ದನಾ ಕಟ್ಟೋ ಹಗ್ಗೋ?” ಎಂದು ನನ್ನ ಎಳೆಯನ್ನು ಎತ್ತಿ ಹಿಡಿದು ಎಲ್ಲರನ್ನೂ ನಗಿಸುತ್ತಿದ್ದಳು. ಆಕೆಯ ನಾಲಿಗೆ ಚುರುಕು, ಮನಸ್ಸು ಹಸನ. ನನಗೆ ಅಕ್ಕನಿಗಿಂತ ಹೆಚ್ಚು.

ಆಗ ಒಬ್ಬ ಕಾಂಟ್ರಾಕ್ಟರ್ ಬಂದ. ಬಯಲಿನಲ್ಲಿ ಕಲ್ಯಾಣ ಮಂಟಪ ಕಟ್ಟುತ್ತೇನೆ, ಮುಂದೆ ಮಳಿಗೆಗಳ ಸಾಲು ಹಾಕುತ್ತೇನೆ, ಸಂಘಕ್ಕೆ ಆದಾಯ ಎಂದ. ನಿವಾಸಿಗಳ ಅಭಿಪ್ರಾಯ ಕೇಳಿ ತೀರ್ಮಾನಿಸೋಣ ಎಂದು ಸಂಘದ ಅಧ್ಯಕ್ಷರು, ಅಕ್ಕಿ ಗಿರಣಿಯ ವೀರಭದ್ರಪ್ಪನವರು ಸಭೆಯಲ್ಲಿ ಹೇಳಿದರು. “ಗೌರಮ್ಮ ಮನಿಮನಿಗೆ ಹೋಗಿ ಕೇಳ್ಕೊಂಡು ಬರ್ಲಿ. ಆಕಿ ಮುಂದ ಯಾರೂ ಬಾಯಿ ಮುಚ್ಕೊಂಡು ಕುಂದ್ರಂಗಿಲ್ಲ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಸಭೆ ಮುಗಿದ ಮೇಲೆ ಕಾಂಟ್ರಾಕ್ಟರ್ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಮುಂದಿನ ಮೂಲಿ ಮಳಿಗಿ ನಿಮ್ದು ಅಂತ ತಿಳ್ಕೋರಿ.”

ಮೂಲೆ ಮಳಿಗೆ! ಮದುವೆಗೆ ಬರುವವರಿಗೆಲ್ಲ ಆಯಾರದ ಉಡುಗೊರೆ ಕೊಡಲು ಸ್ಟೀಲ್ ಪಾತ್ರೆ ಬೇಕು, ಮಂಟಪದ ಬಾಗಿಲಲ್ಲೇ ನನ್ನ ಅಂಗಡಿ — ಅಂದು ಮನೆಗೆ ಹೇಗೆ ನಡೆದು ಬಂದೆನೋ ಗೊತ್ತಿಲ್ಲ. ಆ ಸಂಭ್ರಮವನ್ನು ಮುಚ್ಚಿಟ್ಟರೆ ಈ ಬರಹವೂ ಸುಳ್ಳಾಗುತ್ತದೆ. ಕೊಡ, ತಟ್ಟೆ, ಡಬ್ಬಿಗಳನ್ನು ಯಾವ ಸಾಲಿನಲ್ಲಿ ಜೋಡಿಸಬೇಕು ಎಂದು ಅಡುಗೆಮನೆಯಲ್ಲೇ ಇಟ್ಟು ನೋಡಿದೆ.

ಮರುದಿನದಿಂದ ಮನೆಮನೆ ತಿರುಗಿದೆ. ಲಾರಿ ಓಡಿಸುವ ಖಾಸಿಂ ಸಾಬರು ಚಹಾ ಕೊಟ್ಟು ಹೇಳಿದರು: “ಖುಲ್ಲಾ ಇರ್ಲಿ ಬಿಡ್ರಿ ಅಕ್ಕಾರ. ಸ್ಟೇರಿಂಗ್ ಹಿಡಿದು ಬೆನ್ನು ಹ್ವಾಗೈತಿ, ಸಂಜಿಗೆ ಅಲ್ಲಿ ನಾಕು ಹೆಜ್ಜಿ ಹಾಕಿದ್ರ ಜೀವಕ್ಕ ಹಗುರ. ಆದ್ರ ನನ್ನ ಹೆಸರು ಎತ್ತಬ್ಯಾಡ್ರಿ. ಯಜಮಾನ್ರಿಗೆ ಮಂಟಪ ಬೇಕಂತ, ನಾ ಹೊಡಿಯೋದು ಅವ್ರ ಗಿರಣಿ ಅಕ್ಕಿ ಲಾರಿ.” ಪಕ್ಕದ ಮನೆಯವರೂ ಅದನ್ನೇ ಹೇಳಿದರು — ಬಯಲೇ ಇರಲಿ, ಹೆಸರು ಬೇಡ. ಆಚೆ ಓಣಿಯವರು ಈಚೆ ಓಣಿಯವರಿಗೆ ಬೇಸರವಾದೀತು ಎಂದರು. ಈಚೆಯವರು ಆಚೆಯವರನ್ನು ತೋರಿಸಿದರು. ಕೊನೆಗೆ ವೀರಭದ್ರಪ್ಪನವರ ಮನೆಗೆ ಹೋದೆ. ಅವರು ಸುತ್ತ ನೋಡಿ ಹೇಳಿದ್ದೇನು ಗೊತ್ತೇ? “ನನಗೇನೂ ಬೇಕಿಲ್ಲವ್ವ ಮಂಟಪ. ಆದ್ರ ಅಧ್ಯಕ್ಷನ ಅಡ್ಡಗಾಲು ಹಾಕಿದ ಅಂದಾರು. ಮಂದಿ ಬೇಕಂದ್ರ ನಾನೂ ಹೂಂ ಅಂತೀನಿ.”

ಹೊರಗೆ ಬಂದು ನನಗೆ ನಗು ತಡೆಯಲಾಗಲಿಲ್ಲ. ಇಡೀ ಬಡಾವಣೆ ಒಂದೇ ಮಾತು ಆಡುತ್ತಿತ್ತು, ಆದರೆ ಒಬ್ಬರದು ಇನ್ನೊಬ್ಬರಿಗೆ ಕೇಳಿಸಿರಲಿಲ್ಲ. ಇಷ್ಟು ಸರಳ ವ್ಯವಹಾರ ಯಾವ ದಲ್ಲಾಳಿಗೂ ಸಿಕ್ಕಿರಲಾರದು. ಕೊಡುವವನು, ಕೊಳ್ಳುವವನು ಎಲ್ಲರೂ ಬೇರೆ ಬೇರೆ ಕೋಣೆಗಳಲ್ಲಿ ಕೂತಿದ್ದರು. ಬಾಗಿಲಲ್ಲಿ ನಾನೊಬ್ಬಳೇ ನಿಂತಿದ್ದೆ.

ಒಬ್ಬಳು ಮಾತ್ರ ಹಾಗಿರಲಿಲ್ಲ. “ನನ್ನ ಹೆಸರು ಮೈಕ್ ಹಚ್ಚಿ ಹೇಳು,” ಎಂದಳು ನೀಲಕ್ಕ. “ಬ್ಯಾಡಂದ್ರ ಬ್ಯಾಡ. ಗ್ವಾಡಿ ಕಟ್ಟಿದ್ರ ಗಾಳಿ ಎಲ್ಲಿಂದ ಬರಬೇಕು? ಸಭಾದಾಗ ನಾನ ಎದ್ದು ಕೇಳ್ತೀನಿ.” ಆಕೆ ಎದ್ದು ಕೇಳಿದರೆ ಮುಗಿಯಿತು — ಒಬ್ಬಳು ಎದ್ದರೆ ಹಿಂದೆ ಎಲ್ಲರೂ ಏಳುತ್ತಾರೆ. ಅದು ನನಗೆ ತಿಳಿಯದ್ದೇನಲ್ಲ.

ಕಂಪ್ಲಿಗೆ ಕೊಟ್ಟ ಆಕೆಯ ದೊಡ್ಡ ಮಗಳಿಗೆ ಕೂಸು ಹುಟ್ಟಿತ್ತು. ಮುಂದಿನ ರವಿವಾರ ತೊಟ್ಟಿಲಿಗೆ ಹಾಕುತ್ತಾರೆಂದು ಆಕೆಯೇ ಖುಷಿಯಿಂದ ಹೇಳಿದ್ದಳು. ನಾನು ನೆಟ್ಟಗೆ ವೀರಭದ್ರಪ್ಪನವರ ಹತ್ತಿರ ಹೋದೆ. “ರವಿವಾರನ ಸಭಾ ಇಟ್ಟುಬಿಡ್ರಿ ಯಜಮಾನ್ರ. ಎಲ್ರಿಗೂ ರಜಾ ಇರತೈತಿ.”

ನೀಲಕ್ಕ ಕಂಪ್ಲಿಯಲ್ಲಿ ಮೊಮ್ಮಗನ ತೊಟ್ಟಿಲು ತೂಗುತ್ತಿದ್ದಳು. ನಾನು ಇಲ್ಲಿ ಎದ್ದು ನಿಂತೆ. “ಎಲ್ಲಾರೂ ಒಪ್ಪ್ಯಾರ್ರಿ.” ಖಾಸಿಂ ಸಾಬರು ವೀರಭದ್ರಪ್ಪನವರ ಕಡೆ ನೋಡಿದರು, ಅವರು ಆಚೆ ಓಣಿಯವರ ಕಡೆ ನೋಡಿದರು, ಅವರು ನೆಲ ನೋಡಿದರು. ಅಲ್ಲಿ ಕೂತಿದ್ದ ಪ್ರತಿಯೊಬ್ಬರೂ ಬೇಡ ಎಂದವನು ತಾನೊಬ್ಬನೇ ಎಂದುಕೊಂಡರು. ಯಾರಾದರೂ ಕೆಮ್ಮಿದ್ದರೂ ನನ್ನ ಸುಳ್ಳು ಒಡೆದುಹೋಗುತ್ತಿತ್ತು. ಯಾರೂ ಕೆಮ್ಮಲಿಲ್ಲ. “ಹಂಗಾದ್ರ ಆತು,” ಎಂದರು ವೀರಭದ್ರಪ್ಪನವರು.

ಕಂಪ್ಲಿಯಿಂದ ಬಂದ ನೀಲಕ್ಕನಿಗೆ ಹೇಳಿದೆ — “ಎಲ್ರೂ ಬೇಕಂದ್ರು ಅಕ್ಕಾ. ನಾ ಒಬ್ಬಾಕಿ ಏನ್ ಮಾಡ್ಲಿ?” ಆಕೆ ನಂಬಿದಳು. ನನ್ನನ್ನು ನಂಬದೆ ಇನ್ನಾರನ್ನು...

ಇಷ್ಟಕ್ಕೇ ನಿಂತಿದ್ದರೂ ಒಂದು ಮಾತಿತ್ತು. ಪಾಯ ತೋಡಲು ಯಂತ್ರ ಬಂದ ದಿನ ಹೆಂಗಸರು ಗೊಣಗತೊಡಗಿದರು: ಅಲ್ಲ, ನಿಜಕ್ಕೂ ಇದು ಬೇಕೆಂದವರಾದರೂ ಯಾರು? ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ಆಗ ನಾನು — ಈ ಸಾಲನ್ನು ಬರೆಯಲು ಎಷ್ಟೋ ಹೊತ್ತಿನಿಂದ ತಿಣುಕುತ್ತಿದ್ದೇನೆ — ನಾನು ಹೇಳಿದೆ: “ನೀಲಕ್ಕಗ ಬೇಕಾಗಿತ್ತು. ಸಣ್ಣ ಮಗಳ ಮದಿವಿ ಮನಿ ಮುಂದ ಆಕ್ಕೈತಲ್ಲ. ನಾಚಿಗಿ ಬಂದು, ತೊಟ್ಟಲದ ನೆವಾ ಮಾಡಿ ಸಭಾಕ್ಕ ಬರಲಿಲ್ಲ ನೋಡ್ರಿ.” ಊರಲ್ಲಿ ಇಲ್ಲದ್ದೇ ಆಕೆಯ ವಿರುದ್ಧ ಸಾಕ್ಷಿಯಾಯಿತು.

ಯಾರೂ ಆಕೆಯ ಮುಂದೆ ಒಂದು ಮಾತೂ ಆಡಲಿಲ್ಲ. ನಮ್ಮಲ್ಲಿ ಜಗಳವಾಡಿದರೆ ಅದಕ್ಕೊಂದು ಕೊನೆ ಉಂಟು, ಮತ್ತೆ ಸೇರುತ್ತೇವೆ. ಮಾತಿಲ್ಲದೆ ದೂರ ಇಟ್ಟರೆ ಅದಕ್ಕೆ ಮದ್ದಿಲ್ಲ. ಮಂಟಪ ಎದ್ದಿತು, ಮೂಲೆ ಮಳಿಗೆ ನನಗೆ ಸಿಕ್ಕಿತು. ಶಾವಿಗೆಯ ಹೊರಸುಗಳು ಮಾಳಿಗೆ ಹತ್ತಿದವು, ಅವರವರ ಮಾಳಿಗೆ ಅವರವರಿಗೆ. ಒಬ್ಬರೂ ನೀಲಕ್ಕನನ್ನು ಕರೆಯಲಿಲ್ಲ. ಆಕೆಯ ಸಣ್ಣ ಮಗಳ ಮದುವೆ ಗಂಡಿನವರ ಊರಾದ ಹೂವಿನಹಡಗಲಿಯಲ್ಲೇ ಆಯಿತು. ನಮ್ಮ ಓಣಿಯಿಂದ ಹೋದವರು ಬೆರಳೆಣಿಕೆ. ಒಂದು ಬೇಸಿಗೆ ಆಕೆ ನನ್ನ ಅಂಗಡಿಗೆ ಬಂದು ನಿಂತಳು. “ಗೌರಾ, ನಾ ಏನ್ ತಪ್ಪು ಮಾಡೀನಿ ಹೇಳು. ಯಾಕ ಯಾರೂ ಕರೆಯವಲ್ರು?” ನಾನು ಕೊಡ ಒರೆಸುತ್ತ ಹೇಳಿದೆ: “ಕಾಲ ಹಂಗ ಆಗೈತಿ ಅಕ್ಕಾ.”

ಕಾಲ! ಕಾಲದ ತಲೆಗೆ ಕಟ್ಟಿ ಕೈ ತೊಳೆದುಕೊಂಡೆ.

ಈಗ ಕಾಲುವೆ ದಂಡೆಯ ಸರದಿ. ಬಾಳೆತೋಟ, ಭತ್ತದ ಗದ್ದೆ, ನಗರಕ್ಕೆಂದು ಉಳಿದ ಹಸಿರು ಪಟ್ಟಿ ಅದೊಂದೇ. ಅದನ್ನು ಸೈಟು ಮಾಡಬೇಕೆಂಬ ಪ್ರಸ್ತಾಪ ಬಂದಿದೆ, ನಾಳಿದ್ದು ಅಧಿಕಾರಿಗಳು ಬಂದು ನಿವಾಸಿಗಳ ಅಭಿಪ್ರಾಯ ಕೇಳುತ್ತಾರೆ. ಬಡಾವಣೆಯವರು ಮತ್ತೆ ನನ್ನ ಅಂಗಡಿಗೇ ಬಂದರು: “ಗೌರಕ್ಕಾರ, ನೀವ ಒಂದ್ ಸುತ್ತು ಹಾಕಿ ಬರ್ರಿ. ನಮ್ಮ ಪರವಾಗಿ ನೀವ ಹೇಳಿಬಿಡ್ರಿ.” ಅದೇ ಕಾಂಟ್ರಾಕ್ಟರ್ ಫೋನ್ ಮಾಡಿ ಆಸೆ ಹುಟ್ಟಿಸುವ ಮಾತಾಡಿದ. ನನ್ನ ಅಂಗೈ ಮತ್ತೆ ತುರಿಸಿತು. ಸುಳ್ಳೇಕೆ, ತುರಿಸಿತು.

ನಿನ್ನೆ ಖಾಸಿಂ ಸಾಬರ ಮನೆಯಿಂದಲೇ ಆರಂಭಿಸಿದೆ. ಅವರು ಈಗ ಲಾರಿ ಬಿಟ್ಟಿದ್ದಾರೆ. ಚಹಾ ಕೊಟ್ಟರು. “ತ್ವಾಟ ಇರ್ಲಿ ಬಿಡ್ರಿ ಅಕ್ಕಾರ. ಆದ್ರ ನನ್ನ ಹೆಸರು...”

ನನಗೇ ತಿಳಿಯದಂತೆ ಬಾಯಿಂದ ಬಂತು: “ಹ್ವಾದ ಸಲನೂ ಹಿಂಗ ಅಂದಿದ್ರಿ ಸಾಬ್ರ.”

“ಅಂದಿದ್ದೆ. ಆದ್ರ ಎಲ್ರೂ ಒಪ್ಪಿದ್ರಲ್ಲ?”

“ಯಾರೂ ಒಪ್ಪಿದ್ದಿಲ್ರಿ. ಯಜಮಾನ್ರೂ ಬ್ಯಾಡಂದಿದ್ರು.”

ಅವರು ಮೊದಲು ನಕ್ಕರು, ನಾನು ತಮಾಷೆ ಮಾಡುತ್ತಿದ್ದೇನೆಂದು. ಆಮೇಲೆ ನನ್ನ ಮುಖ ನೋಡಿದರು. “ಯಾ ಅಲ್ಲಾ,” ಎಂದವರೇ ಮಂಟಪದ ಗೋಡೆಯ ಕಡೆ ತಿರುಗಿದರು. “ನೀಲಕ್ಕ?” ಎಂದು ಕೇಳಿದರು. ಅದಕ್ಕೂ ಉತ್ತರ ಕೊಟ್ಟೆ. ಅವರು ಚಹಾದ ಲೋಟವನ್ನು ನನ್ನ ಮುಂದಿನಿಂದ ಎತ್ತಿಕೊಂಡು ಒಳಗೆ ಹೋದರು.

ಹೊರಗೆ ಬಂದವಳು ನಡೆಯಲಿಲ್ಲ, ಓಡಿದೆ! ಈ ವಯಸ್ಸಿನಲ್ಲಿ, ಸೆರಗು ಬಾಯಲ್ಲಿ ಕಚ್ಚಿಕೊಂಡು — ಭಯವೋ, ಬಿಡುಗಡೆಯೋ, ಎರಡೂ ಸೇರಿ ಕಾಲಿಗೆ ರೆಕ್ಕೆ ಕಟ್ಟಿದಂತೆ. ತಡಮಾಡದೆ ಎಲ್ಲರಿಗೂ ಹೇಳಿಬಿಡಬೇಕು, ನಾಳಿದ್ದಿನ ಸಭೆಯಲ್ಲಿ ಒಬ್ಬರೂ ನೆಲ ನೋಡಬಾರದು ಎಂದು. ಮೊದಲು ನೀಲಕ್ಕ.

ಆಕೆ ಬಾಗಿಲಲ್ಲಿ ಗೋಧಿ ಹಸನು ಮಾಡುತ್ತಿದ್ದಳು. ನಿಂತೇ ಎಲ್ಲವನ್ನೂ ಹೇಳಿದೆ. ರವಿವಾರದ್ದು, ಮಗಳ ಮದುವೆಯ ಮಾತಿನದು, ಮಳಿಗೆಯದು. ಮೊರ ಹಿಡಿದ ಆಕೆಯ ಕೈ ತಡೆಯದೆ ಆಡುತ್ತಲೇ ಇತ್ತು. ಬೈಯಲಿ, ಮೊರದಿಂದಲೇ ಹೊಡೆಯಲಿ ಎಂದು ಕಾದೆ.

“ನಿನಗ ಕುಂದ್ರು ಅನ್ನಂಗಿಲ್ಲ ನಾ,” ಎಂದಳು ಕೊನೆಗೆ. ತಲೆ ಎತ್ತದೆಯೇ ಮುಂದುವರಿಸಿದಳು: “ನನ್ನ ಬಾಗಿಲಾಗ ಹೇಳಿದ್ರ ಏನ್ ಬಂತು? ನನ್ನ ಹೆಸರು ಕೆಡಿಸಿದ್ದು ಮಂದ್ಯಾಗ. ನಿನ್ನ ತಪ್ಪು ಅಲ್ಲಿ ನೀ ಹೇಳು. ತ್ವಾಟದ ಮಾತು ನಾ ಹೇಳ್ತೀನಿ. ನಡುವ ಬಾಯಿ ಹಾಕಬ್ಯಾಡ.”

ಇವತ್ತು ಉಳಿದ ಮನೆಗಳಿಗೆಲ್ಲ ಹೋಗಿ ಬಂದೆ. ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ. ಆ ಸಲ ನೀವು ಹೇಳಿದ್ದು ಇದು, ನಿಮ್ಮ ಪಕ್ಕದವರು ಹೇಳಿದ್ದೂ ಇದೇ, ನಾನು ಹೇಳಿದ್ದು ಬೇರೆ, ನೀಲಕ್ಕನ ಬಗ್ಗೆ ಆಡಿದ್ದು ಸುಳ್ಳು; ನಾಳಿದ್ದು ನೀವೇ ಬಂದು ನಿಮ್ಮ ಬಾಯಿಂದ ಹೇಳಿ — ಅಷ್ಟೇ. ಕೆಲವರು ಬಾಗಿಲು ಹಾಕಿದರು. ವೀರಭದ್ರಪ್ಪನವರು ತಲೆಯ ಮೇಲೆ ಕೈ ಇಟ್ಟುಕೊಂಡರು. ಆದರೆ ಸಂಜೆ ಹೊತ್ತಿಗೆ ಓಣಿಯಲ್ಲಿ ಜನ ಗುಂಪುಗೂಡಿ, ಕೈ ಆಡಿಸುತ್ತ, ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಮಾತಾಡುತ್ತಿದ್ದರು — ನನ್ನನ್ನು ಬೈಯುತ್ತ, ತೋಟದ ವಿಷಯ ಎತ್ತುತ್ತ. ಎಷ್ಟು ವರ್ಷಗಳ ಮೇಲೆ ಆ ಸದ್ದು! ನಾನು ಅಂಗಡಿಯ ಒಳಗೆ ನಿಂತು ಕೇಳಿದೆ. ಹೊರಗೆ ಹೋಗುವ ಹಕ್ಕು ನನಗಿರಲಿಲ್ಲ.

ಯಾವ ಮಾತುಕತೆಗೆ ಹೋದರೂ ಎಲ್ಲಿಯವರೆಗೆ ಇಳಿಯಬಹುದೆಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಡುವವಳು ನಾನು. ನಾಳಿದ್ದಿಗೆ ಹಾಗೆ ಏನನ್ನೂ ತೀರ್ಮಾನಿಸಿಲ್ಲ. ಮಳಿಗೆ ಬಿಡು ಎಂದರೆ ಬಿಡುತ್ತೇನೆ. ಓಣಿ ಬಿಡು ಎಂದರೂ ಕೇಳಿಸಿಕೊಳ್ಳುತ್ತೇನೆ. ಯಾರೂ ಕರೆಯದೆ ನೀಲಕ್ಕ ಒಬ್ಬಳೇ ಕಳೆದ ಆ ಬೇಸಿಗೆಗಳಿಗೆ ಬದಲಾಗಿ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಆಕೆ ಏನನ್ನೂ ಕೇಳಿಯೂ ಇಲ್ಲ. ಮೈಕ್ ಹಿಡಿದು ನನ್ನ ತಪ್ಪನ್ನು ಹೇಳುತ್ತೇನೆ, ಆಕೆಯ ಕೈಗೆ ಮೈಕ್ ಕೊಟ್ಟು ಹಿಂದೆ ಹೋಗಿ ನಿಲ್ಲುತ್ತೇನೆ. ಆಮೇಲೆ ಬಾಯಿ ತೆರೆಯುವುದಿಲ್ಲ.